ದಂಡಿಗನಹಳ್ಳಿ ದಾರಿಯ ಬಿಳಿ ಬೆಳಕು

ಚನ್ನರಾಯಪಟ್ಟಣದ ಬೀದಿದೀಪಗಳು ಹಿಂದೆ ಸರಿದವೆಂದರೆ ಮುಂದೆ ಕತ್ತಲೆಯದೇ ರಾಜ್ಯ. ಹಾಸನದ ಕಡೆ ಓಡುವ ಹೆದ್ದಾರಿಯನ್ನು ಬಿಟ್ಟು ದಂಡಿಗನಹಳ್ಳಿ ಹೋಬಳಿಯ ಊರುಗಳತ್ತ ಹೊರಳಿದರೆ ತೆಂಗಿನ ತೋಟ, ರಾಗಿ ಹೊಲ, ಅಲ್ಲೊಂದು ಇಲ್ಲೊಂದು ಕೆರೆ ಏರಿ. ಹಗಲಿನಲ್ಲಿ ಕಣ್ಣಿಗೆ ತಂಪೆನಿಸುವ ದಾರಿ ರಾತ್ರಿ ಬೇರೆಯೇ ಆಗಿಬಿಡುತ್ತದೆ. ಡಾಂಬರು ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಎಂಬುದು ಹೆಡ್‌ಲೈಟು ತೋರಿಸಿದಷ್ಟೇ ಗೊತ್ತು. ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಂತೂ ತಾಲ್ಲೂಕಿನ ರಸ್ತೆಗಳ ಮೇಲೆ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಹೊರೆ ಹೊತ್ತು ತೆವಳುತ್ತಿರುತ್ತವೆ.

ಹೀಗಿರುವಾಗ ಕಾರು ಕೊಂಡವರಿಗೆ ಮೊದಲು ಹೊಳೆಯುವ ಆಸೆ ದೀಪದ್ದೇ. ಕಂಪನಿ ಕೊಟ್ಟ ಹಳದಿ ಬೆಳಕು ಸಾಲದು, ಬೆಳ್ಳಗೆ ಝಗಝಗಿಸುವ ಬಲ್ಬು ಬೇಕು ಎಂದು ಕಾಲೇಜಿಗೆ ಹೋಗುವ ಮಗ ಹಟ ಹಿಡಿಯುತ್ತಾನೆ. ಅಪ್ಪನಿಗೂ ಮನಸ್ಸಿನಲ್ಲಿ ಒಪ್ಪಿಗೆಯೇ. ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕು ಬೇಕಲ್ಲ! ಆಸೆ ತಪ್ಪಲ್ಲ. ಆದರೆ ಬೆಳ್ಳಗಿರುವುದೆಲ್ಲ ಹೆಚ್ಚು ಬೆಳಕಲ್ಲ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ಹಳೆಯ ಹ್ಯಾಲೊಜನ್ ಬಲ್ಬು ಬಡಪಾಯಿಯೇನಲ್ಲ. 1962ರಲ್ಲಿ ಯೂರೋಪಿನ ಕಾರುಗಳಿಗೆ ಬಂದ ಈ ಬಲ್ಬಿನೊಳಗೆ ಒಂದು ಪುಟ್ಟ ರಸಾಯನಶಾಲೆಯೇ ಇದೆ. ಕಾದ ತಂತಿಯಿಂದ ಆವಿಯಾಗುವ ಟಂಗ್‌ಸ್ಟನ್, ಒಳಗಿನ ಬ್ರೋಮಿನ್ ಅಥವಾ ಅಯೋಡಿನ್ ಜೊತೆ ಸೇರಿ ಮತ್ತೆ ತಂತಿಯ ಮೇಲೆಯೇ ಕೂರುತ್ತದೆ. ಹಾಗಾಗಿ ಗಾಜು ಕಪ್ಪಾಗುವುದಿಲ್ಲ. 1971ರಲ್ಲಿ ಬಂದ ಎಚ್4 ಬಲ್ಬಿನಲ್ಲಿ ಎರಡು ತಂತಿ: ದೂರಕ್ಕೆ 60 ವ್ಯಾಟ್, ಡಿಮ್ಮಿಗೆ 55. ಡಿಮ್ಮಿನ ತಂತಿಯ ಕೆಳಗೆ ಉಗುರಿನಷ್ಟು ದೊಡ್ಡ ಲೋಹದ ಮರೆ. ಎದುರಿನವರ ಕಣ್ಣಿಗೆ ಬೆಳಕು ಚುಚ್ಚದಂತೆ ಕಾಯುವುದು ಅದೇ. ಹೆಡ್‌ಲೈಟಿನ ಒಳಗಿನ ಕನ್ನಡಿ ಬಟ್ಟಲನ್ನು ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿಯೇ ಬಾಗಿಸಿರುತ್ತಾರೆ.

ಎಡವಟ್ಟಾಗುವುದು ಇಲ್ಲಿಯೇ. ಎಲ್‌ಇಡಿಯ ಹಿಂದೆ ದೊಡ್ಡ ವಿಜ್ಞಾನವಿದೆ, ಸಂದೇಹವಿಲ್ಲ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿದೆ. ಆ ನೀಲಿಗೆ ಹಳದಿ ಫಾಸ್ಫರ್ ಲೇಪ ಕೊಟ್ಟರೆ ಬಿಳಿ ಬೆಳಕು. ಎಲ್‌ಇಡಿಗೆಂದೇ ರೂಪಿಸಿದ ಹೆಡ್‌ಲೈಟು ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಹ್ಯಾಲೊಜನ್ನಿನ ಬಟ್ಟಲಿಗೆ ಎಲ್‌ಇಡಿ ತುರುಕಿದರೆ ಬೆಳಕು ಹೊಮ್ಮುವ ಜಾಗವೂ ಆಕಾರವೂ ಬದಲಾಗಿ, ರಸ್ತೆಗೆ ಬೀಳಬೇಕಾದ್ದು ಮರದ ತುದಿಗೂ ಎದುರಿನವನ ಕಣ್ಣಿಗೂ ಬೀಳುತ್ತದೆ. ಕ್ಸೆನಾನ್ ದೀಪದ ಕಥೆಯೂ ಇದೇ. ಡ್ರೈವರ್‌ಗೆ ಮಾತ್ರ ಹತ್ತಿರದ ರಸ್ತೆ ಹಾಲು ಚೆಲ್ಲಿದಂತೆ ಕಂಡು ಖುಷಿಯೋ ಖುಷಿ! ಇನ್ನು ನೀಲಿ ಬಣ್ಣ ಬಳಿದ ಹ್ಯಾಲೊಜನ್ ಬಲ್ಬುಗಳು. ಅವು ಹಳದಿಯನ್ನು ಸೋಸಿ ಬೆಳ್ಳಗೆ ತೋರುತ್ತವೆ ಅಷ್ಟೇ, ಬೆಳಕು ಕೂಡುವುದಿಲ್ಲ.

ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರು ಬೆಳಕಿಗೆ ಕಣ್ಣು ಕತ್ತಲಿಟ್ಟು ಮತ್ತೆ ಹೊಂದಿಕೊಳ್ಳಲು ಎರಡೇ ಸೆಕೆಂಡು ಹಿಡಿಯಿತೆನ್ನಿ, 44 ಮೀಟರ್ ಕುರುಡು ಪಯಣ. ಕಣ್ಣಿಗೆ ಪೊರೆ ಬಂದ ಹಿರಿಯರಿಗೆ ಇನ್ನೂ ಹೆಚ್ಚು. ಕಬ್ಬಿನ ಟ್ರ್ಯಾಕ್ಟರು ಇರುವುದು ಆ 44 ಮೀಟರಿನೊಳಗೇ ಆಗಿರಬಹುದು.

ಹಿಂದೆ ಲಾರಿಗಳ ಹೆಡ್‌ಲೈಟಿಗೆ ಮೇಲ್ಭಾಗದಲ್ಲಿ ಕಪ್ಪು ಬಣ್ಣ ಬಳಿಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಬೆಂಗಳೂರು–ಮಂಗಳೂರು ದಾರಿ 48ನೇ ಹೆದ್ದಾರಿಯಾಗಿದ್ದ ಕಾಲ ಅದು. 2010ರಲ್ಲಿ ಅದಕ್ಕೆ 75 ಎಂಬ ಸಂಖ್ಯೆ ಬಂತು. ನಡುವೆ ವಿಭಜಕ ಎದ್ದ ಕಡೆ ಎದುರು ಬೆಳಕಿನ ಕಾಟ ಅಷ್ಟಿಷ್ಟು ತಗ್ಗಿದೆ. ಹೋಬಳಿ ರಸ್ತೆಗಳಿಗೆ ಆ ಭಾಗ್ಯವಿಲ್ಲ. ಕಣ್ಣು ಕುಕ್ಕುವ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಡಿ ಪ್ರಕರಣ ಹೂಡತೊಡಗಿದರು.

ಹಾಗಾದರೆ ಮಂಕು ದೀಪದಲ್ಲೇ ಒದ್ದಾಡಬೇಕೆ? ಬೇಕಿಲ್ಲ. ಹಳೆಯ ಕಾರಿನಲ್ಲಿ ಬಲ್ಬಿಗಿಂತ ಮೊದಲು ನೋಡಬೇಕಾದ್ದು ವೈರು. ಬಲ್ಬಿಗೆ ತಲುಪುವ ವೋಲ್ಟೇಜು ಶೇಕಡ 10 ಇಳಿದರೆ ಬೆಳಕು ಶೇಕಡ 30ರಷ್ಟು ಇಳಿಯುತ್ತದೆ! ರಿಲೇ ಹಾಕಿ ದಪ್ಪ ವೈರು ಎಳೆಸಿದರೆ ಅದೇ 60/55 ಬಲ್ಬು ಹೊಸ ಕಳೆ ಪಡೆಯುತ್ತದೆ. 100 ವ್ಯಾಟಿನ ಬಲ್ಬು ಹಾಕಿದವರು ಹೋಲ್ಡರ್ ಕರಗಿಸಿಕೊಂಡು ವರ್ಕ್‌ಶಾಪಿಗೆ ಬರುವುದು ಅಪರೂಪವೇನಲ್ಲ. ಬಿಸಿಲಿಗೆ ಹಳದಿಗಟ್ಟಿದ ಪ್ಲಾಸ್ಟಿಕ್ ಮುಸುಕನ್ನು ಪಾಲಿಶ್ ಮಾಡಿಸುವುದಕ್ಕೆ ಹೊಸ ಬಲ್ಬಿನಷ್ಟೂ ಖರ್ಚಾಗದಿರಬಹುದು. ಬಲ್ಬು ಬದಲಿಸುವಾಗ ಗಾಜನ್ನು ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ಕಾದು ಗಾಜಿನ ಆಯಸ್ಸನ್ನೇ ತಿನ್ನುತ್ತದೆ.

ದೀಪದ ಓರೆ ಸರಿಪಡಿಸುವುದನ್ನು ಮನೆಯಲ್ಲೇ ಮಕ್ಕಳೊಡನೆ ಪರೀಕ್ಷಿಸಬಹುದು. ಸಂಜೆ ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ದೀಪದ ಎತ್ತರವನ್ನು ಗೋಡೆಗೆ ಸೀಮೆಸುಣ್ಣದಲ್ಲಿ ಗುರುತಿಸಬೇಕು. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿದ್ದು, ಎಡಕ್ಕೆ ಮಾತ್ರ ಸ್ವಲ್ಪ ಏರಬೇಕು. ನಮ್ಮ ಪಾದಚಾರಿಗಳು ಇರುವುದು ಅತ್ತಲೇ. ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಬೆಳಕೂ ಏಳುತ್ತದೆ. ಅದಕ್ಕೆಂದೇ ಅನೇಕ ಕಾರುಗಳ ಸ್ಟಿಯರಿಂಗ್ ಪಕ್ಕ 0, 1, 2, 3 ಎಂದು ಬರೆದ ಸಣ್ಣ ತಿರುಗುಗಾಲಿ ಇರುತ್ತದೆ. ಅದನ್ನು ಒಮ್ಮೆಯೂ ಮುಟ್ಟದವರೇ ಹೆಚ್ಚು.

ಇದೇ ದಾರಿ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುತ್ತದೆ. ಅಲ್ಲಿ ಮಂಜು ಕವಿದಾಗ ಬಿಳಿಯ ಹೈಬೀಮ್ ಹಾಕಿದವರ ಮುಂದೆ ಹಾಲಿನ ಗೋಡೆಯೇ ಎದ್ದು ನಿಲ್ಲುತ್ತದೆ. ಡಿಮ್ ಮಾಡಿ, ವೇಗ ತಗ್ಗಿಸಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆ ಹಿಡಿದು ಇಳಿಯುವವರಿಗೆ ಮಾತ್ರ ಮುಂದಿನ ತಿರುವು ಕಾಣುತ್ತದೆ.