ಬೇವಿನ ನೆರಳು, ಗೆಣಸಿನ ಬಳ್ಳಿ

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ನೆರಳಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಚೈತ್ರ ವೈಶಾಖಗಳಲ್ಲಿ ತಾಪ 40 ಡಿಗ್ರಿಯನ್ನು ದಾಟುತ್ತದೆ. ಕೋಟೆಯ ಗುಡ್ಡ, ಕುಂಬಾರ ಗುಡ್ಡಗಳ ಬಂಡೆಗಳು ಹಗಲು ಹೀರಿದ ಕಾವನ್ನು ಇರುಳು ಊರಿನ ಮೇಲೆ ಬಿಡುತ್ತವೆ. ಇಂಥ ಊರಿನಲ್ಲಿ ಹಿತ್ತಲೆಂದು ಹೇಳಿಕೊಳ್ಳಲು ಹನ್ನೆರಡು ಅಡಿ ಅಗಲದ ನೆಲ ಉಳಿದಿದ್ದರೆ, ಅಲ್ಲಿ ಏನನ್ನು ನೆಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಕುರುಗೋಡಿನ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿ, ನಿವೃತ್ತರಾದ ಮೇಲೆ ಬಳ್ಳಾರಿಯಲ್ಲಿ ನೆಲೆಸಿದ ಶ್ರಾವಕರೊಬ್ಬರಿಗೆ ಈ ಪ್ರಶ್ನೆ ಎದುರಾಯಿತು. ಪತ್ನಿ ತೀರಿಕೊಂಡ ವರ್ಷ ಆಷಾಢದ ಮೊದಲ ಮಳೆಗೆ ಅವರು ಹಿತ್ತಲಿನ ಪಡುವಣ ಮೂಲೆಯಲ್ಲಿ ಒಂದು ಬೇವಿನ ಸಸಿ ನೆಟ್ಟರು. ಕುರುಗೋಡಿನಲ್ಲಿ ಕೊಠಡಿ ಸಾಲದೆ ಹೋದಾಗ ಅವರು ಪಾಠ ಹೇಳಿದ್ದು ಬೇವಿನ ಅಡಿಯಲ್ಲಿಯೇ. ದೊಡ್ಡಬಸವೇಶ್ವರನ ಗುಡಿಗೆ ಬಂದ ಯಾತ್ರಿಕರೂ ಅದೇ ನೆರಳಿಗೆ ಬಂದು ಕೂರುತ್ತಿದ್ದರು. ಮಾಘ ಫಾಲ್ಗುಣಗಳಲ್ಲಿ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಹೊಸ ತಳಿರು ತಳೆದು, ಬೇಸಗೆ ಉಗ್ರವಾಗುವಾಗ ಸರಿಯಾಗಿ ದಟ್ಟವಾಗುವ ಮರವದು. ಆದರೆ ತಕ್ಕ ನೆರಳು ಕೊಡಲು ಅದಕ್ಕೆ ಎಂಟು ಹತ್ತು ವರ್ಷ ಬೇಕು. ನೆಟ್ಟವರಿಗೆ ಆಗಲೇ ಎಪ್ಪತ್ತಾರು.

ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಸಿರುಗುಪ್ಪದ ಕಡೆಯಿಂದ ಬಂದ ಕುಟುಂಬವೊಂದು ಬಾಡಿಗೆಗಿತ್ತು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅವನಿಗೆ ಕೆಲಸವಿಲ್ಲದ ದಿನಗಳೇ ಆ ತಿಂಗಳಲ್ಲಿ ಹೆಚ್ಚಾಗಿದ್ದವು. ದೀಪಾವಳಿಯಾದ ಮರುವಾರ ಹೆಂಡತಿ ತವರಿನಿಂದ ಒಂದು ಹೊರೆ ಗೆಣಸಿನ ಬಳ್ಳಿ ತಂದು ಬಾಗಿಲಲ್ಲಿ ನಿಂತಳು.

“ಮೇಷ್ಟ್ರೇ, ಹಿತ್ತಲು ಖಾಲಿ ಐತಲ್ರಿ. ನಾಕು ಸಾಲು ಗೆಣಸು ಹಾಕ್ಕೊಳ್ಳಲೇನ್ರಿ? ಶಿವರಾತ್ರಿಗೆ ಬರ್ತಾವು. ಹುಡುಗರಿಗೆ ಆಗ್ತೈತಿ.”

ಮೇಷ್ಟ್ರು ತಕ್ಷಣ ಉತ್ತರಿಸಲಿಲ್ಲ. “ನಾಳೆ ಹೇಳ್ತೀನಿ, ತಂಗೀ” ಎಂದರು.

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗೆಣಸು ನಾಲ್ಕು ತಿಂಗಳ ಬೆಳೆ. ಗೇಣುದ್ದದ ಬಳ್ಳಿಯ ತುಂಡನ್ನು ಏರುಮಡಿಯಲ್ಲಿ ಊರಿದರೆ ಸಾಕು, ಬೀಜದ ಖರ್ಚಿಲ್ಲ. ಬಳ್ಳಾರಿಯ ಎರೆಮಣ್ಣು ಬಿಗಿಯಾಗಿ ಗಡ್ಡೆಯನ್ನು ಸೊಟ್ಟ ಮಾಡುತ್ತದೆ. ಆದರೆ ಮನೆ ಕಟ್ಟುವಾಗ ಹಿತ್ತಲಿಗೆ ಸುರಿಸಿದ್ದ ಸಡಿಲವಾದ ಕೆಂಪುಮಣ್ಣು ಗೆಣಸಿಗೆ ಒಪ್ಪುವಂಥದು. ಬಳ್ಳಿಯನ್ನು ಆಗಾಗ ಎತ್ತಿ ಹೊರಳಿಸಬೇಕು. ಇಲ್ಲದಿದ್ದರೆ ಅದು ಗಿಣ್ಣುಗಿಣ್ಣಿಗೂ ಬೇರು ಬಿಟ್ಟು, ಬುಡದ ಗಡ್ಡೆಗೆ ಸಲ್ಲಬೇಕಾದ ಸತ್ತ್ವವನ್ನು ಹಂಚಿಬಿಡುತ್ತದೆ. ಅದಕ್ಕೆ ತುಂಬು ಬಿಸಿಲು ಬೇಕು; ನೆರಳಿನಲ್ಲಿ ಬಳ್ಳಿ ಹಬ್ಬೀತೇ ಹೊರತು ಗಡ್ಡೆ ಕಟ್ಟದು. ಹೀಗೆ ಮರ ಕೊಡುವುದನ್ನೇ ಬಳ್ಳಿ ಒಲ್ಲದು.

ಗೆಣಸು ಎಂಬ ಮಾತಿನ ಹಿಂದೆಯೂ ಒಂದು ಚರಿತ್ರೆಯಿದೆ. ಇಂದು ಆ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ ಸಿಹಿಗೆಣಸು ಅಮೆರಿಕ ಖಂಡದ ಬಳ್ಳಿ. ಕೊಲಂಬಸನ ಯಾನದ ತರುವಾಯ ಐರೋಪ್ಯ ನಾವಿಕರ ಮೂಲಕ ಈ ನಾಡಿಗೆ ಬಂದದ್ದು. ಮರಗೆಣಸೂ ಹಾಗೆಯೇ ಬಂದದ್ದು. ಹೆಗ್ಗೆಣಸು, ಕಾಡುಗೆಣಸುಗಳು ಬೇರೆಯೇ ಕುಲದ ಬಳ್ಳಿಗಳು. ಇಷ್ಟೊಂದು ಬಗೆಗಳಿಗೆ ಒಂದೇ ಹೆಸರು ಸಲ್ಲುತ್ತಿರುವುದನ್ನು ನೋಡಿದರೆ, ನೆಲದೊಳಗಿನ ಗಡ್ಡೆಗೆ ಕನ್ನಡಿಗರು ಇಟ್ಟುಕೊಂಡಿದ್ದ ಮಾತಿನೊಳಗೆ ಹೊರಗಿನಿಂದ ಬಂದ ಬಳ್ಳಿಯೂ ಸೇರಿಕೊಂಡಿತೆಂದು ತೋರುತ್ತದೆ. ಬಂದದ್ದು ಈಚೆಗಾದರೂ ಅದು ಶಿವರಾತ್ರಿಯ ಉಪವಾಸದ ಆಹಾರವಾಗಿ ನಿಂತಿತು.

ಅಲ್ಲಿಯೇ ಮೇಷ್ಟ್ರ ಸಂಕಟವಿದ್ದದ್ದು. ಒಬ್ಬರ ವ್ರತಕ್ಕೆ ಯೋಗ್ಯವಾದ ಗೆಣಸು ಇನ್ನೊಬ್ಬರ ವ್ರತಕ್ಕೆ ವರ್ಜ್ಯ. ಜೈನರ ದೃಷ್ಟಿಯಲ್ಲಿ ಕಂದಮೂಲಗಳು ಅನಂತಕಾಯಗಳು. ಒಂದೇ ಶರೀರದಲ್ಲಿ ಅನಂತ ಜೀವಗಳು ಆಶ್ರಯ ಪಡೆದಿರುತ್ತವೆ. ಅಗೆದರೆ ಬಳ್ಳಿಯ ಬುಡಕ್ಕೇ ಪೆಟ್ಟು. ಮಣ್ಣಿನ ಹುಳುಗಳಿಗೂ ಪೆಟ್ಟು. ಮೇಷ್ಟ್ರ ಪತ್ನಿ ಮದುವೆಯಾದಂದಿನಿಂದ ಆ ಮನೆಯ ಒಲೆಯ ಮೇಲೆ ಗಡ್ಡೆಯೊಂದನ್ನು ಬೇಯಿಸಿದವರಲ್ಲ. ತಾನು ತಿನ್ನದಿದ್ದರೆ ಸಾಕೆಂದು ತಪ್ಪಿಸಿಕೊಳ್ಳಲೂ ಬರುವಂತಿಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಎಂಬ ಕೃತ, ಕಾರಿತ, ಅನುಮೋದಿತಗಳು ಮೂರೂ ಕರ್ಮಬಂಧಕ್ಕೆ ಕಾರಣವೇ.

ಆ ಇರುಳು ಅವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆಗೆದರು. ಭೋಗೋಪಭೋಗಕ್ಕೆ ಮಿತಿ ಹಾಕಿಕೊಳ್ಳುವ ಭಾಗದಲ್ಲಿ ಆಚಾರ್ಯರು ಬಿಡಬೇಕಾದವುಗಳನ್ನು ಎಣಿಸುತ್ತಾರೆ. ಮೂಲಂಗಿ, ಹಸಿಶುಂಠಿ, ಬೆಣ್ಣೆ, ಕೇದಗೆ ಅದರಲ್ಲಿವೆ. ಅವರು ಕೊಡುವ ಕಾರಣ ಎರಡೇ ಮಾತಿನದು: ದೊರೆಯುವ ಫಲ ಕಿರಿದು, ಆಗುವ ಘಾತ ಹಿರಿದು. ಮೇಷ್ಟ್ರು ಈ ಶ್ಲೋಕವನ್ನು ಎಷ್ಟೋ ಸಲ ಓದಿದ್ದರು. ಅಂದು ಮಾತ್ರ ಅದೇ ಪಟ್ಟಿಯಲ್ಲಿದ್ದ ಇನ್ನೊಂದು ಹೆಸರಿನ ಮೇಲೆ ಕಣ್ಣು ನಿಂತಿತು. ಅದು ಬೇವಿನ ಹೂ.

ಪತ್ನಿಯ ನೆನಪಿಗೆ ನೆಟ್ಟ ಮರವೂ ನಿಷೇಧದ ಪಟ್ಟಿಗೆ ಪೂರ್ತಿ ಹೊರಗಿರಲಿಲ್ಲ. ಹೂವನ್ನು ತಿನ್ನಬಾರದು, ನೆರಳಿನಲ್ಲಿ ಕೂರಬಹುದು. ಆಲ, ಅರಳಿ, ಅತ್ತಿಗಳ ಹಣ್ಣು ಪಂಚ ಉದುಂಬರಗಳಲ್ಲಿ ಸೇರಿ ವರ್ಜ್ಯವಾದರೂ ಆದಿನಾಥರಿಗೆ ಕೇವಲಜ್ಞಾನವಾದದ್ದು ಆಲದ ಅಡಿಯಲ್ಲಿಯೇ. ಶಾಸ್ತ್ರ ಗಿಡವನ್ನು ಹಗೆಯೆನ್ನುವುದಿಲ್ಲ. ನಾಲಗೆಗೆ ಗಡಿ ಹಾಕುತ್ತದೆ. ಗಡಿ ಹಾಕಿಕೊಂಡದ್ದು ತಮ್ಮ ನಾಲಗೆಗೆ, ಆ ಮಕ್ಕಳ ಹಸಿವಿಗಲ್ಲವೆಂದು ಅವರಿಗೆ ತೋರಿತು. ಫಲ ಕಿರಿದೆಂಬ ಮಾತು ತುಂಬಿದ ಮನೆಯ ಅಳತೆಗೆ ಸರಿ. ಕೂಲಿಯಿಲ್ಲದ ತಿಂಗಳಲ್ಲಿ ಅದೇ ಫಲ ಎಷ್ಟು ಹಿರಿದು? ಹಾಗೆಂದು ಅನುಮೋದನೆಯ ಭಾರ ಇಳಿಯಲಿಲ್ಲ. ಆ ಭಾರವನ್ನು ಹೊತ್ತುಕೊಂಡೇ ಒಪ್ಪಬೇಕಾಗಿತ್ತು.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. ಅವುಗಳಲ್ಲಿ ಗಿಡಮರಗಳ ಮಾತಿಲ್ಲ. ಆದರೆ ಗಿರ್ನಾರ್ ಮೊದಲಾದೆಡೆ ಇರುವ ಅವನ ಎರಡನೆಯ ಬಂಡೆಶಾಸನ ಮನುಷ್ಯರಿಗೂ ಪಶುಗಳಿಗೂ ಹಿತವಾಗಲೆಂದು ಮಾಡಿಸಿದ ಕೆಲಸಗಳನ್ನು ಹೇಳುತ್ತದೆ. ಬೇರು ಮತ್ತು ಹಣ್ಣುಗಳನ್ನು ಅವು ಇಲ್ಲದ ಕಡೆಗೆ ತರಿಸಿ ನೆಡಿಸಿದ್ದು, ದಾರಿಗಳಲ್ಲಿ ಬಾವಿ ತೋಡಿಸಿ ಮರ ಬೆಳೆಸಿದ್ದು ಒಂದೇ ಶಾಸನದ ಮಾತುಗಳು. ಔಷಧಕ್ಕಾಗಿ ಬೇರು, ದಣಿವಿಗಾಗಿ ನೆರಳು. ಎರಡನ್ನೂ ಹಿತದ ಲೆಕ್ಕದಲ್ಲಿ ಬರೆಸಿದ ಅರಸನ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದವರು ಮೇಷ್ಟ್ರು.

ಬೆಳಿಗ್ಗೆ ಅವರು ಮೂಡಣ ಬದಿಯ ನೆಲವನ್ನು ತೋರಿಸಿದರು. ಬೇವಿನ ನೆರಳು ಅಲ್ಲಿಗೆ ಮುಟ್ಟಲು ಐದಾರು ವರ್ಷ ಹಿಡಿದೀತು. ಅಲ್ಲಿಯವರೆಗೆ ಬಿಸಿಲು ಬಳ್ಳಿಯದು. ತಾವು ಕಂದಮೂಲ ಬಿಟ್ಟವರೆಂಬುದನ್ನೂ ಸಂಕೋಚದಿಂದಲೇ ತಿಳಿಸಿದರು. ಅವಳು ಹೆಚ್ಚು ಕೇಳಲಿಲ್ಲ. ನಾಲ್ಕು ತಿಂಗಳು ಬಳ್ಳಿಗೆ ನೀರು ಬಿಟ್ಟಾಗಲೆಲ್ಲ ಮೊದಲ ಕೊಡವನ್ನು ಬೇವಿಗೆ ಹಾಕಿದಳು.

ಶಿವರಾತ್ರಿಗೆ ಎರಡು ದಿನ ಮೊದಲು ಗೆಣಸು ಕಿತ್ತರು. ಅಂದು ಮೇಷ್ಟ್ರು ಬೆಳಗಿನ ಬಸ್ಸಿಗೇ ಕುರುಗೋಡಿಗೆ ಹೋಗಿ ಸಂಜೆಗೆ ಮರಳಿದರು. ಹಿತ್ತಲಿನಲ್ಲಿ ಮಣ್ಣು ತಿರುವಿಹೋಗಿತ್ತು. ಬೇವಿನ ಕಡೆಯ ಕೊನೆಯ ಸಾಲಿನಲ್ಲಿ ಮಾತ್ರ ಬಳ್ಳಿ ಹಸಿರಾಗಿಯೇ ಇತ್ತು.

“ಆ ಸಾಲು ಯಾಕೆ ಬಿಟ್ಟೆ, ತಂಗೀ?”

“ಗಿಡದ ಬೇರು ಎಲ್ಲಿತನಕ ಬಂದಾವೋ ಯಾರಿಗೆ ಗೊತ್ರಿ. ಗುದ್ದಲಿ ತಾಕೀತು ಅಂತ ಬಿಟ್ಟೀನ್ರಿ. ಅಮ್ಮಾರ ಗಿಡ ಅಲ್ಲೇನ್ರಿ?”

ಮೇಷ್ಟ್ರು ಒಳಗೆ ಹೋಗಲಿಲ್ಲ. ಆಳೆತ್ತರಕ್ಕೂ ಬಾರದ ಆ ಸಸಿಯ ಪಕ್ಕದಲ್ಲಿ, ಇನ್ನೂ ನೆರಳಿಲ್ಲದ ಕಡೆ, ಬಹಳ ಹೊತ್ತು ಕುಳಿತಿದ್ದರು.