ಒಂದು ದಿನದ ತಡ

ಕೆಲವು ವರ್ಷಗಳ ಹಿಂದೆ ಕುಣಿಗಲ್‌ನ ನಮ್ಮ ಮನೆಯಲ್ಲಿ ಬುಧವಾರ ಬಂತೆಂದರೆ ಖಾಲಾ ಬೆಳಗಿನಿಂದಲೇ ಚಡಪಡಿಸುತ್ತಿದ್ದರು. ಅಂದು ಸಂಘದ ಸಾಲದ ಕಂತು ಕಟ್ಟುವ ದಿನ. ಹೊಲಿಗೆಯ ದುಡ್ಡು ಕೈಗೆ ಬಾರದೆ ಒಮ್ಮೆ ಕಂತು ತಪ್ಪಿತು. ವಸೂಲಿಯ ಹುಡುಗ ಮರುದಿನವೇ ಬಂದು ಕೂತವನು ಸಂಜೆಯವರೆಗೂ ಜಗಲಿ ಬಿಟ್ಟು ಏಳಲಿಲ್ಲ. ಜಾಮೀನು ನಿಂತಿದ್ದ ನೆರೆಯ ಹೆಂಗಸರೂ ಬಂದು ಕೂತರು. ಕೊನೆಗೆ ಕಿವಿಯೋಲೆ ಅಡವಿಟ್ಟು ಕಟ್ಟಿದ್ದಾಯಿತು. "ಬೇಟಾ, ದೊಡ್ಡ ಸಾಲಗಾರರ ಮನೆ ಮುಂದೆಯೂ ಹೀಗೆ ಕೂರುತ್ತಾರಾ?" ಎಂದು ಖಾಲಾ ಕೇಳಿದರು.

ನಾವು ಕಥೆ ಬರೆಯುವವರು, ಲೆಕ್ಕದವರಲ್ಲ. ಉತ್ತರ ಹುಡುಕುತ್ತ ಹೋದಾಗ ನಮಗೆ ಎದುರಾದ ಹೆಸರು ಎನ್.ಎಸ್. ವಿಶ್ವನಾಥನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, 1981ರಲ್ಲಿ ರಿಸರ್ವ್ ಬ್ಯಾಂಕ್ ಸೇರಿದವರು. ತುಮಕೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಅದಕ್ಕೂ ಮೊದಲು ಓದು ಮುಗಿಸಿದ ನಮ್ಮ ಪದವಿಪತ್ರದ ಮೇಲೂ ಬೆಂಗಳೂರಿನದೇ ಮುದ್ರೆ. ಅಷ್ಟೇ ನಂಟು, ಆದರೂ ಅವರ ದಾರಿಯನ್ನು ನಮ್ಮವರೊಬ್ಬರ ದಾರಿಯಂತೆ ಕುತೂಹಲದಿಂದ ನೋಡಿದೆವು.

2016ರಲ್ಲಿ ಅವರು ಡೆಪ್ಯುಟಿ ಗವರ್ನರ್ ಆದರು. ಬ್ಯಾಂಕುಗಳ ನಿಯಂತ್ರಣದ ಹೊಣೆ ಅವರ ಮೇಲಿದ್ದಾಗಲೇ, 2018ರ ಫೆಬ್ರವರಿ 12ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ದೊಡ್ಡ ಕಂಪನಿ ಒಂದೇ ದಿನ ಬಾಕಿ ಉಳಿಸಿಕೊಂಡರೂ ಬ್ಯಾಂಕುಗಳು ಎಚ್ಚೆತ್ತು ಪರಿಹಾರಕ್ಕೆ ತೊಡಗಬೇಕು. 2000 ಕೋಟಿ ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಸಾಲವಾದರೆ 180 ದಿನಗಳೊಳಗೆ ಇತ್ಯರ್ಥವಾಗಬೇಕು, ಇಲ್ಲವಾದರೆ ದಿವಾಳಿ ಪ್ರಕ್ರಿಯೆ. ವಿಶ್ವನಾಥನ್ ಇದನ್ನು ಬಹಿರಂಗವಾಗಿಯೇ ಸಮರ್ಥಿಸಿದರು. ಬ್ಯಾಂಕಿನಲ್ಲಿರುವುದು ಠೇವಣಿದಾರರ ಹಣ ತಾನೆ? ದೊಡ್ಡವರು ಮುಳುಗಿಸಿದರೆ ಹೊರೆ ಹೊರುವವರು ನಮ್ಮಂಥವರೇ.

ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಸುತ್ತೋಲೆ ಅಧಿಕಾರದ ಮಿತಿ ಮೀರಿದೆ ಎಂದು 2019ರ ಏಪ್ರಿಲ್ 2ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಜೂನ್‌ನಲ್ಲಿ ಬಂದ ಹೊಸ ನಿಯಮದಲ್ಲಿ, ಬಾಕಿಯಾದ ಮೇಲೆ ಪರಿಶೀಲನೆಗೆಂದೇ 30 ದಿನಗಳ ಅವಕಾಶ ಸೇರಿತು.

ವಿಶ್ವನಾಥನ್ 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಬಿಟ್ಟರು. 2023ರ ಅಕ್ಟೋಬರ್‌ನಲ್ಲಿ ಖಾಸಗಿ ವಲಯದ ಆಕ್ಸಿಸ್ ಬ್ಯಾಂಕಿನ ಅಧ್ಯಕ್ಷರಾದರು. ನಿಯಮ ಮಾಡುವ ಕಡೆಯಲ್ಲಿದ್ದವರು ಪಾಲಿಸುವ ಕಡೆಗೆ ಹೋದದ್ದು ಸರಿಯೇ ಎಂದು ಕೆಲವರಿಗೆ ಅನ್ನಿಸಬಹುದು. ಸಾಲದ ಶಿಸ್ತು ಬಲ್ಲವರು ಅಲ್ಲಿಯೂ ಬೇಕು ಎಂದೇ ನಮಗೆ ತೋರುತ್ತದೆ.

ಖಾಲಾ ಅಂಥವರ ವಿಷಯದಲ್ಲೂ ನಿಯಮಗಳು ಬಂದಿವೆ. 2022ರಿಂದ ಕಿರುಸಾಲದ ಕುಟುಂಬದ ಒಟ್ಟು ಕಂತು ತಿಂಗಳ ಆದಾಯದ ಅರ್ಧ ದಾಟಬಾರದು. 2025ರಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಅದರ ದಿನಾಂಕವೂ ಫೆಬ್ರವರಿ 12!

ಇದನ್ನೆಲ್ಲ ಖಾಲಾಗೆ ವಿವರಿಸಿದೆವು. ಅವರು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿಸಿಕೊಂಡರು. "ಅವರಿಗೆ ನೂರೆಂಬತ್ತು ದಿನವಾ? ನನಗೆ ಮುಂದಿನ ಬುಧವಾರದವರೆಗೆ ಬಿಟ್ಟಿದ್ದರೆ ಸಾಕಿತ್ತು, ಬೇಟಾ" ಎಂದರು. ಬರಿದಾದ ಅವರ ಕಿವಿಯ ಕಡೆ ನೋಡಲು ನಮಗೆ ಧೈರ್ಯವಾಗಲಿಲ್ಲ.