ಕುರುಕ್ಷೇತ್ರಕ್ಕೆ ಕುಣಿಯೋ ಲೈಟು

ಬೆಂಗಳೂರಿಂದ ಹೊರಟು ಕೊರಟಗೆರೆ ದಾಟಿದರೆ ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣಿಗೆ ಬೀಳುತ್ತೆ. ಇನ್ನೂ ಮುಂದೆ, ಪಾವಗಡದ ತಿರುಮಣಿ ಸುತ್ತ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್. ಹಗಲೆಲ್ಲ ಬಿಸಿಲಿಂದ ಕರೆಂಟು ತೆಗೆಯೋ ಈ ಸೀಮೆಯನ್ನ ರಾತ್ರಿ ನೋಡ್ಬೇಕಂದ್ರೆ ಜಾತ್ರೆ ಕಾಲಕ್ಕೆ ಬನ್ನಿ. ಶಿರಾ, ಮಧುಗಿರಿ ಕಡೆ ಹಳ್ಳಿಗಳಲ್ಲಿ ಬೆಳಗಿನ ಜಾವದವರೆಗೂ ಕುರುಕ್ಷೇತ್ರ ನಾಟಕ.

ಅಂಥದೊಂದು ನಾಟಕದ ತಾಲೀಮಿಗೆ, ಸಂಗೀತಕ್ಕೆ ತಕ್ಕಂತೆ ಮಿನುಗೋ ಲೈಟು ತಗೊಂಡು ಹೋಗಿದ್ದೆ. ಪುಟ್ಟ ಮೈಕ್, ಆರ್ಡುಯಿನೊ ಬೋರ್ಡು, 60 ಎಲ್‌ಇಡಿಯ ಪಟ್ಟಿ. ಎಲ್ಲವೂ ಪೂರ್ತಿ ಬಿಳಿಯಾಗಿ ಉರಿದರೆ 5 ವೋಲ್ಟಿಗೆ ಸುಮಾರು 3.6 ಆಂಪಿಯರ್ ಬೇಕು. ಹಳೇ ಮೊಬೈಲ್ ಚಾರ್ಜರ್ ಸಾಲಲ್ಲ. ಮೈಕಿಗೆ ಬಿದ್ದ ಸದ್ದನ್ನ ಪ್ರೋಗ್ರಾಮು ಬೇರ್ಪಡಿಸುತ್ತೆ: ತಬಲಾದ ದಪ್ಪ ದನಿಗೆ ಕೆಂಪು, ಹಾರ್ಮೋನಿಯಂನ ಮೇಲಿನ ಸ್ವರಕ್ಕೆ ನೀಲಿ.

ಭೀಮ-ದುರ್ಯೋಧನರ ಗದಾಯುದ್ಧಕ್ಕೆ ಶಿಳ್ಳೆಯೋ ಶಿಳ್ಳೆ. ಹಾರ್ಮೋನಿಯಂ ಮೇಷ್ಟ್ರು ಮಾತ್ರ ಕೇಳಿದರು: "ಪದ್ಯ ಮುಗಿಸಿ ಕರ್ಣ ಸುಮ್ನೆ ನಿಂತಾಗ ಇದು ಏನ್ ಮಾಡುತ್ತಪ್ಪ?"

ಸದ್ದಿಲ್ಲ ಅಂದ್ರೆ ಆರುತ್ತೆ. ಆದರೆ ಜನ ಕಣ್ಣೊರೆಸಿಕೊಳ್ಳೋದು ಆ ಹೊತ್ತಲ್ಲೇ, ಒನ್ಸ್ ಮೋರ್ ಕೂಗೋ ಮುಂಚೆ.

ಹಾಗಾಗಿ ಮಿನುಗೋ ಪಟ್ಟಿ ರಥದ ಅಂಚಿಗೆ ಮಾತ್ರ ಹೋಯಿತು. ಮುಖದ ಮೇಲೆ ಬೀಳೋ ಬೆಳಕಿಗೆ ಬೇರೆ ರೆಗ್ಯುಲೇಟರ್ ಹಾಕಿ, ಡ್ರಾಮಾ ಸೀನರಿಯವರ ಕೈಗೇ ಕೊಟ್ಟೆವು. ಎಷ್ಟೋ ವರ್ಷದಿಂದ ಪದ್ಯ ಕೇಳಿದ ಕೈ ಅದು. ಯಾವಾಗ ಇಳಿಸಬೇಕು ಅಂತ ಅದಕ್ಕೆ ಗೊತ್ತು.

ನಿಮ್ಮೂರ ನಾಟಕಕ್ಕೂ ಇಂಥದ್ದು ಮಾಡೋದಾದ್ರೆ, ಕೋಡ್ ಬರೆಯೋಕೆ ಮುಂಚೆ ಒಂದು ತಾಲೀಮು ಪೂರ್ತಿ ಕೂತು ನೋಡಿ.